ಧಾಟಿ ತಪ್ಪಿದ್ದು ಯಾರದು?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ನಮ್ಮ ಹಾಸ್ಟೆಲ್ ಹುಡುಗರಿಗೆ ಬಂಕಾಪುರ ಅಂದರೆ ಒಂದು ಟೋಲ್ ಗೇಟು, ಅಷ್ಟೇ. ಫಸ್ಟ್ ಸೆಮ್‌ನಲ್ಲಿ ಊರು ಯಾವುದು ಅಂತ ಕೇಳಿದವರಿಗೆಲ್ಲ ನಾನು ಕೋಟೆ ಇದೆ, ಕೋಟೆಯೊಳಗೆ ನವಿಲುಧಾಮ ಇದೆ, ಅರವತ್ತಾರು ಕಂಬದ ನಗರೇಶ್ವರ ಗುಡಿ ಇದೆ ಅಂತ ಪಾಠ ಒಪ್ಪಿಸುತ್ತಿದ್ದೆ. "ಓ, ಟೋಲ್ ಹತ್ರ ಅಲ್ವಾ" ಅನ್ನುತ್ತಿದ್ದರು. ಈಗ ನಾನೂ ಟೋಲ್ ಹತ್ರ ಅಂತಲೇ ಹೇಳುತ್ತೇನೆ. ಕೆಲಸ ಬೇಗ ಮುಗಿಯುತ್ತದೆ.

ಆದರೆ ಒಂದು ವಿಷಯದಲ್ಲಿ ನಮ್ಮ ಶಿಗ್ಗಾಂವಿ ತಾಲ್ಲೂಕು ಬೇರೆಯವರಿಗಿಂತ ಮುಂದಿದೆ. ಈ ಒಂದೇ ತಾಲ್ಲೂಕಿನ ಇಬ್ಬರು ಹಾಡು ಕಟ್ಟಿದವರ ಮೇಲೆ ಎರಡು ದೊಡ್ಡ ಸಿನಿಮಾ ಬಂದಿವೆ. ಬಂಕಾಪುರದ ಹತ್ತಿರದ ಬಾಡದ ಕನಕದಾಸರ ಮೇಲೆ 1960ರಲ್ಲಿ 'ಭಕ್ತ ಕನಕದಾಸ', ಶಿಶುವಿನಹಾಳದ ಶರೀಫರ ಮೇಲೆ 1990ರಲ್ಲಿ 'ಸಂತ ಶಿಶುನಾಳ ಶರೀಫ'. ನನ್ನ ಜಗಳ ಇರೋದು ಎರಡನೆಯದರ ಜೊತೆ. ಜಗಳ ಅಂದರೆ ಸಿನಿಮಾ ಚೆನ್ನಾಗಿಲ್ಲ ಅಂತಲ್ಲ. ಚೆನ್ನಾಗಿದೆ. ಬಹಳ ಚೆನ್ನಾಗಿರೋದೇ ತೊಂದರೆ ಆಗಿದೆ.

ಜಗಳ ಶುರುವಾಗಿದ್ದು ಹೇಗೆ ಅಂತ ಹೇಳಿಬಿಡ್ತೀನಿ. ಹೋದ ವರ್ಷ ಬೇರೆ ಊರಿನ ಒಂದು ಕಾಲೇಜಿನ ಫೆಸ್ಟಿಗೆ ನಮ್ಮ ಸಂಘದಿಂದ ಐದು ಜನ ಹೋಗಿದ್ದೆವು. ಜಾನಪದ ಗಾಯನದಲ್ಲಿ ನಾನು ಶರೀಫರ ತಂಬೂರಿ ಪದ ಹಾಡಿದೆ. ನಮ್ಮಜ್ಜ ಹಾಡುವ ಧಾಟಿಯಲ್ಲೇ ಹಾಡಿದೆ, ಯಾಕಂದ್ರೆ ನನಗೆ ಬಾಯಿಗೆ ಬರೋದು ಅದೇ. ಮುಗಿದ ಮೇಲೆ ತೀರ್ಪುಗಾರರೊಬ್ಬರು ಮೈಕ್ ಹಿಡಿದು ಬಹಳ ಪ್ರೀತಿಯಿಂದಲೇ ಹೇಳಿದರು: "ಕಂಠ ಚೆನ್ನಾಗಿದೆ ಕಣಪ್ಪ, ಆದರೆ ಟ್ಯೂನ್ ತಪ್ಪಿದೆ. ಒರಿಜಿನಲ್ ಒಂದ್ಸಲ ಕೇಳ್ಕೊಂಡು ಬರಬೇಕಿತ್ತು."

ಒರಿಜಿನಲ್ ಅಂದರೆ ಅವರ ಲೆಕ್ಕದಲ್ಲಿ ಸಿ. ಅಶ್ವಥ್ ಸಂಗೀತದ ಸಿನಿಮಾ ಹಾಡು.

ಅವತ್ತು ನನಗೆ ಸಿಟ್ಟು ಬಂತು ಅಂತ ಹೇಳಿದರೆ ನೀವು ನಂಬುತ್ತೀರಿ. ಆದರೆ ಸಿಟ್ಟಿಗಿಂತ ಮೊದಲು ಬಂದದ್ದು ನಾಚಿಕೆ. ಯಾಕಂದ್ರೆ ಇದೇ ಮಾತನ್ನು ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜನಿಗೆ ಹೇಳಿದ್ದೆ. ಟೀವಿಯಲ್ಲಿ ಸಿನಿಮಾ ಬಂದಿತ್ತು. ಮರುದಿನ ಅಮಾವಾಸ್ಯೆ, ಗುಡಿಯಲ್ಲಿ ಭಜನಿ. ಅಜ್ಜ ದಮ್ಮಡಿ ಬಡಿಯುತ್ತ ಅದೇ ಪದ ಎತ್ತಿದ. ಮನೆಗೆ ಬರುವಾಗ ದಾರಿಯಲ್ಲಿ ನಾನು, "ಅಜ್ಜಾ, ನೀ ತಪ್ಪು ಹಾಡಾಕತ್ತಿ. ಟೀವ್ಯಾಗ ಹಿಂಗಿಲ್ಲ" ಅಂದೆ. ಅಜ್ಜ, "ಹೌದನು? ಹಂಗಾರ ನೀನ ಕಲಸ ನನಗ" ಅಂದ. ಮನೆ ಬರುವ ತನಕ ಕಲಿಸಿದೆ. ಪಾಪ, ಕಲಿತ ಹಾಗೆ ಮಾಡಿದ.

ಈಗ ಸಿನಿಮಾದ ವಿಷಯಕ್ಕೆ ಬರುತ್ತೇನೆ. ಟಿ.ಎಸ್. ನಾಗಾಭರಣ ನಿರ್ದೇಶನ. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್. ಕಾರ್ನಾಡರನ್ನು ನಾವು ನಾಟಕದ ಪುಸ್ತಕದಲ್ಲಿ, 'ಟೈಗರ್' ಸಿನಿಮಾಗಳಲ್ಲಿ ನೋಡಿದವರು. ಇದರಲ್ಲಿ ಅವರು ಕಳಸದ ಒಬ್ಬ ಹಟಮಾರಿ ಭಟ್ಟ. ಮುಸಲ್ಮಾನ ಹುಡುಗನನ್ನು ಶಿಷ್ಯ ಅಂತ ಒಪ್ಪಿಕೊಂಡು ಊರ ಬಾಯಿಗೆ ಬಿದ್ದವರು. ನನ್ನ ಮಟ್ಟಿಗೆ ಸಿನಿಮಾದ ಜೀವ ಇರೋದು ಆ ಇಬ್ಬರ ನಂಟಿನಲ್ಲಿ. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಬಂತು. ಬರಬೇಕಾದದ್ದೇ.

ಆದರೆ ಹಾಡು ಕಟ್ಟಿದವನ ಕಥೆಯನ್ನು ಸಿನಿಮಾ ಮಾಡುವಾಗ ಒಂದು ಕಷ್ಟ ಇದೆ. ಹಾಡು ಎಲ್ಲಿಂದ ಬಂತು ಅನ್ನೋದನ್ನು ತೆರೆಯ ಮೇಲೆ ತೋರಿಸೋದು ಹೇಗೆ? ಎಲ್ಲರೂ ಹಿಡಿಯುವ ದಾರಿ ಒಂದೇ: ಒಂದು ಘಟನೆ ನಡೆಯಬೇಕು, ಆ ನೋವಿಗೋ ಬೆರಗಿಗೋ ತಕ್ಷಣ ಹಾಡು ಹುಟ್ಟಬೇಕು. ಹಾಡು ಒಬ್ಬನ ಎದೆಯಿಂದ ನೇರವಾಗಿ ನಮ್ಮ ಕಿವಿಗೆ ಬಂತು ಅಂತ ಅನ್ನಿಸಬೇಕು. ನಡುವೆ ಇದ್ದವರು ಯಾರೂ ಕಾಣೋದಿಲ್ಲ.

ಇದು ನಮ್ಮ ಕನ್ನಡ ಸಿನಿಮಾದ ಚಾಳಿ ಮಾತ್ರ ಅಲ್ಲ. ಅಮೆರಿಕದಲ್ಲಿ 1958ರಲ್ಲಿ 'ಸೇಂಟ್ ಲೂಯಿಸ್ ಬ್ಲೂಸ್' ಅಂತ ಒಂದು ಸಿನಿಮಾ ಬಂತು. 'ಬ್ಲೂಸ್ ಸಂಗೀತದ ತಂದೆ' ಅಂತ ಕರೆಸಿಕೊಂಡ ಡಬ್ಲ್ಯು.ಸಿ. ಹ್ಯಾಂಡಿಯ ಜೀವನ ಕಥೆ. ಅದೇ ವರ್ಷ ಹ್ಯಾಂಡಿ ತೀರಿಕೊಂಡರು. ನನ್ನ ರೂಮ್‌ಮೇಟಿಗೆ ಗಿಟಾರ್ ಹುಚ್ಚು. ಇಂಟರ್ನಲ್ಸ್ ಮುಗಿದ ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿದ. ಹ್ಯಾಂಡಿಯ ಪಾತ್ರ ಮಾಡಿದ್ದು ನ್ಯಾಟ್ ಕಿಂಗ್ ಕೋಲ್, ಬೆಣ್ಣೆಯ ಹಾಗೆ ಹಾಡುವ ಮನುಷ್ಯ. ಅರ್ಥಾ ಕಿಟ್, ಮಹಾಲಿಯಾ ಜಾಕ್ಸನ್, ಎಲ್ಲಾ ಫಿಟ್ಜೆರಾಲ್ಡ್ ಎಲ್ಲರೂ ಇದ್ದಾರೆ. ಕಥೆ ಮಾತ್ರ ನಮ್ಮ ಹಳೆಯ ಭಕ್ತಿ ಸಿನಿಮಾದ್ದೇ ಅಂದುಕೊಳ್ಳಿ. ಅಪ್ಪ ಚರ್ಚಿನ ಪಾದ್ರಿ, ಮಗನ ಹಾಡು ಸೈತಾನನ ಹಾಡು ಅಂತ ಬೈಯುತ್ತಾನೆ. ಮಗನ ಕಣ್ಣು ಹೋಗುತ್ತದೆ, ಮತ್ತೆ ಬರುತ್ತದೆ. ಕೊನೆಗೆ ದೊಡ್ಡ ಸಭಾಂಗಣದಲ್ಲಿ ಆರ್ಕೆಸ್ಟ್ರಾ ಅವನ ಹಾಡನ್ನು ನುಡಿಸುವಾಗ ಅಪ್ಪ ಕರಗುತ್ತಾನೆ. "ನಿಮ್ಮ ಕನಕನ ಕಿಂಡಿ ಸೀನ್ ಇದ್ದಂಗೈತಲ್ಲೋ" ಅಂದ ರೂಮ್‌ಮೇಟ್. ನಿಜ. ಒಳಗೆ ಬಿಡದ ದೇವರು ತಿರುಗಿ ನಿಂತ ಹಾಗೆ, ಒಳಗೆ ಸೇರಿಸದ ಅಪ್ಪ ತಿರುಗಿ ನಿಂತ.

ನಿಜವಾದ ಹ್ಯಾಂಡಿಯ ಕಥೆ ಇದಕ್ಕಿಂತ ಮಜವಾಗಿದೆ. ಆತ ತನ್ನ ಆತ್ಮಕಥೆಯಲ್ಲಿ, ಅದು 1941ರದ್ದು, ಒಂದು ರೈಲ್ವೆ ಸ್ಟೇಷನ್ನಿನ ಮಾತು ಹೇಳುತ್ತಾನೆ. ಸುಮಾರು 1903ರ ಹೊತ್ತು, ಮಿಸಿಸಿಪ್ಪಿಯ ಟಟ್‌ವೈಲರ್ ಅನ್ನೋ ಸಣ್ಣ ಸ್ಟೇಷನ್. ರೈಲು ಲೇಟು, ಕೂತಲ್ಲೇ ಜೊಂಪು. ಎಚ್ಚರಾದಾಗ ಪಕ್ಕದಲ್ಲಿ ಹರಿದ ಬಟ್ಟೆಯ ಒಬ್ಬ ಕಪ್ಪು ಮನುಷ್ಯ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ನುಡಿಸುತ್ತ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದಾನೆ. ಬ್ಯಾಂಡ್ ನಡೆಸುತ್ತಿದ್ದ, ಸ್ವರಲಿಪಿ ಕಲಿತಿದ್ದ ಹ್ಯಾಂಡಿಗೆ ಅಂಥದ್ದು ಎಂದೂ ಕೇಳಿರಲಿಲ್ಲ. ಮುಂದೆ ಇಂಥ ಹಾಡುಗಳನ್ನೇ ಆತ ಕಿವಿಗೊಟ್ಟು ಕೇಳಿ, ಕಾಗದಕ್ಕೆ ಇಳಿಸಿ, ಬ್ಯಾಂಡಿಗೆ ಹೊಂದಿಸಿ, ಅಚ್ಚು ಹಾಕಿಸಿದ. 1912ರಲ್ಲಿ 'ಮೆಂಫಿಸ್ ಬ್ಲೂಸ್' ಬಂತು, ಅದರ ಹಕ್ಕನ್ನು ಕೆಲವೇ ಡಾಲರಿಗೆ ಮಾರಿಕೊಂಡು ಕೈಸುಟ್ಟುಕೊಂಡ. 1914ರ 'ಸೇಂಟ್ ಲೂಯಿಸ್ ಬ್ಲೂಸ್' ಹೊತ್ತಿಗೆ ಬುದ್ಧಿ ಬಂದಿತ್ತು. ಪಾಲುದಾರನ ಜೊತೆ ಸೇರಿ ತಾನೇ ಪ್ರಕಾಶನ ಕಂಪನಿ ನಡೆಸುತ್ತಿದ್ದ. ದೊಡ್ಡ ಕೆಲಸವೇ, ಅನುಮಾನ ಇಲ್ಲ. ಆದರೆ ಸ್ಟೇಷನ್ನಿನಲ್ಲಿ ಕೂತು ಚಾಕುವಿನಲ್ಲಿ ನುಡಿಸಿದವನ ಹೆಸರು ಏನು? ಯಾರಿಗೂ ಗೊತ್ತಿಲ್ಲ. ಕೇಳಿಸಿಕೊಂಡವನ ಮೇಲೆ ಸಿನಿಮಾ ಬಂತು.

ಇದನ್ನು ಓದಿದ ರಾತ್ರಿ ನನಗೆ ಶರೀಫರ ಸಿನಿಮಾದ ಜೊತೆ ಏನು ಜಗಳ ಅಂತ ಸರಿಯಾಗಿ ತಿಳಿಯಿತು.

ಲೆಕ್ಕ ಹಾಕಿ. ಶರೀಫರು ಹುಟ್ಟಿದ್ದು 1819, ತೀರಿಕೊಂಡಿದ್ದು 1889. ಸಿನಿಮಾ ಬಂದದ್ದು 1990. ನಡುವೆ ನೂರೊಂದು ವರ್ಷ. ಆ ನೂರು ವರ್ಷ ಪದಗಳು ಎಲ್ಲಿದ್ದವು? ಮಾತು ಪುಸ್ತಕಕ್ಕೆ ಬಂತು, ಸರಿ. ಆದರೆ ಪುಸ್ತಕದಲ್ಲಿ ಧಾಟಿ ಸಿಗೋದಿಲ್ಲ. ಧಾಟಿ ಇದ್ದದ್ದು ಭಜನಿ ಮೇಳದವರ ಬಾಯಲ್ಲಿ. ಹಗಲು ಹೊಲ, ಗೌಂಡಿ ಕೆಲಸ, ಸಂತೆ. ರಾತ್ರಿ ಏಕತಾರಿ, ದಮ್ಮಡಿ, ತಾಳ, ಕೈಯಲ್ಲಿ ಕಾಸಿದ್ದ ಊರಾದರೆ ಒಂದು ಪೇಟಿ. ಮುಂದಿನವ ಒಂದು ನುಡಿ ಹೇಳುತ್ತಾನೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ, ಮತ್ತೆ ಪಲ್ಲವಿಗೆ ಬರುತ್ತಾರೆ. ಶ್ರಾವಣದಲ್ಲಿ, ಅಮಾವಾಸ್ಯೆಯಲ್ಲಿ, ಜಾತ್ರೆಯಲ್ಲಿ ಹಾಡುತ್ತಾರೆ. ಅದಕ್ಕಿಂತ ಹೆಚ್ಚಾಗಿ ಸತ್ತವರ ಮನೆಯ ಮುಂದೆ ಹಾಡುತ್ತಾರೆ.

ಇದನ್ನು ಬೆಂಗಳೂರು ಕಡೆಯ ಗೆಳೆಯರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ, ಮಣ್ಣು ಮರುದಿನ ಅಂತಾದರೆ, ರಾತ್ರಿ ಇಡೀ ಭಜನಿ. ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿರುತ್ತಾರೆ. ಹೆಂಗಸರು ಒಂದು ಕಡೆ ಅಳುತ್ತಿರುತ್ತಾರೆ, ಇನ್ನೊಂದು ಕಡೆ ಮೇಳದವರು ಪದದ ಮೇಲೆ ಪದ ಹಾಡುತ್ತಿರುತ್ತಾರೆ. ಚಹಾ ಬರುತ್ತದೆ, ಎಲೆಅಡಿಕೆ ಬರುತ್ತದೆ. ನಸುಕಿನ ಮೂರು ಗಂಟೆಗೆ ಅಳುವವರ ದನಿಯೂ ಬತ್ತಿ, ಬರೀ ಪದ ಉಳಿದಿರುತ್ತದೆ. ನಮ್ಮಮ್ಮ ತೀರಿದ ರಾತ್ರಿ (ಅಮ್ಮ ಅಂದರೆ ಅಜ್ಜನ ಹೆಂಡತಿ, ನಮ್ಮನೆಯಲ್ಲಿ ಹಾಗೇ ಕರೆಯೋದು) ಅಜ್ಜ ಮೇಳದಲ್ಲಿ ಕೂಡಲಿಲ್ಲ, ಕಂಬಕ್ಕೆ ಒರಗಿ ಕೂತಿದ್ದ. ಯಾರೋ ಸೋರುವ ಮಾಳಿಗೆಯ ಪದ ಎತ್ತಿದರು. ಎರಡನೇ ನುಡಿಗೆ ಅಜ್ಜನ ದನಿ ಸೇರಿತು.

ಆ ಪದವನ್ನು ನೀವೂ ಕೇಳಿದ್ದೀರಿ. ದೇಹವೇ ಮನೆ, ಅಜ್ಞಾನದಿಂದ ಸೋರುತ್ತಿದೆ ಅಂತ ಅರ್ಥ ಹೇಳುತ್ತಾರೆ, ಪರೀಕ್ಷೆಯಲ್ಲಿ ಬರೆದರೆ ಮಾರ್ಕೂ ಬರುತ್ತದೆ. ಆದರೆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಸೋರುವುದು ಮೊದಲು ಸೋರುವುದೇ. ಆಷಾಢದ ಜಿಟಿಜಿಟಿ ಮಳೆ ಹಿಡಿದರೆ ಮೂಲೆಮೂಲೆಗೆ ಕೊಡ, ಬೋಗುಣಿ ಇಡುವುದು, ಮಳೆ ಬಿಟ್ಟ ಮೇಲೆ ಮೇಲೆ ಹತ್ತಿ ಮಣ್ಣು ಹಾಕಿ ಬಡಿಯುವುದು, ಮುಂದಿನ ಮಳೆಗೆ ಇನ್ನೊಂದು ಕಡೆ ಸೋರುವುದು. ಶರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದವರು, ಕಣ್ಣಿಗೆ ಕಂಡದ್ದನ್ನೆಲ್ಲ ಪದಕ್ಕೆ ತಂದವರು. ಗಿರಣಿ ಬಂದರೆ ಗಿರಣಿಯ ಮೇಲೂ ಪದ ಕಟ್ಟಿದರು. ಯಂತ್ರ ನೋಡಿ ತತ್ವ ಹೇಳಿದ ಮೊದಲಿಗರಲ್ಲಿ ಅವರೊಬ್ಬರು ಅಂತ ನಾನು ನಮ್ಮ ಮೆಕ್ಯಾನಿಕಲ್ ಡಿಪಾರ್ಟ್‌ಮೆಂಟಿನ ಪರವಾಗಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಭಾವೈಕ್ಯದ ಸಂತ ಅಂತ ಮಾತ್ರ ಅವರನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಈ ಮಾಳಿಗೆ, ಗಿರಣಿ, ಕೋಳಿ, ತಂಬೂರಿ ಎಲ್ಲ ಚೌಕಟ್ಟಿನ ಹೊರಗೆ ಉಳಿಯುತ್ತವೆ.

ಇಲ್ಲಿ ಅಶ್ವಥರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣದವರು, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡು ಹಾಡಿದವರು. ನಮ್ಮ ಭಾಷೆ ಅವರದ್ದಲ್ಲ, ನಮ್ಮ ಊರು ಅವರದ್ದಲ್ಲ. ಆದರೂ ಶರೀಫರ ಪದಕ್ಕೆ ಅವರು ದನಿ ಬಿಟ್ಟ ರೀತಿ ಇದೆಯಲ್ಲ, ಗಂಟಲು ಹರಿದುಹೋದರೂ ಪರವಾಗಿಲ್ಲ ಅನ್ನುವ ಹಾಗೆ, ಅದು ಸುಗಮ ಸಂಗೀತದ ನಾಜೂಕಲ್ಲ. ನ್ಯಾಟ್ ಕಿಂಗ್ ಕೋಲ್ ಬ್ಲೂಸನ್ನು ನುಣುಪು ಮಾಡಿದ, ಅಶ್ವಥ್ ಹಾಗೆ ಮಾಡಲಿಲ್ಲ. ಅವರು ಇಲ್ಲದಿದ್ದರೆ ಮಂಡ್ಯದ ಹುಡುಗನಿಗೋ ಮಂಗಳೂರಿನ ಹುಡುಗಿಗೋ ಶಿಶುನಾಳ ಅನ್ನೋ ಹೆಸರೇ ಗೊತ್ತಾಗುತ್ತಿರಲಿಲ್ಲ. ನನ್ನ ರೂಮ್‌ಮೇಟ್ ಬಳ್ಳಾರಿಯವನು, ಅವನೂ ಕ್ಯಾಸೆಟ್ಟಿನಿಂದಲೇ ಕಲಿತವನು. 2009ರಲ್ಲಿ ಅಶ್ವಥ್ ತೀರಿಕೊಂಡರು. ಅವರ ಮೇಲೆ ನನ್ನ ದೂರು ಏನೂ ಇಲ್ಲ.

ದೂರು ಇರೋದು 'ಒರಿಜಿನಲ್' ಅನ್ನೋ ಆ ಮಾತಿನ ಮೇಲೆ. ನೂರು ವರ್ಷ ಹಾಡು ಹೊತ್ತು ತಂದವರ ಮನೆಯ ಹುಡುಗನಿಗೆ, ಮೊನ್ನೆ ಮೊನ್ನೆ ಕೂಡಿಸಿದ ಧಾಟಿಯನ್ನು ಅಳತೆಗೋಲು ಮಾಡಿ, ನಿನ್ನದು ತಪ್ಪು ಅನ್ನುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ಫೋಲ್ಡರಿನಲ್ಲಿ ಇಪ್ಪತ್ತು ವರ್ಷನ್ ಇದ್ದವು. ಒಂದನ್ನು ಚೆಂದ ಮಾಡಿ ಅಪ್‌ಲೋಡ್ ಮಾಡಿದರು. ಉಳಿದ ಹತ್ತೊಂಬತ್ತನ್ನು ಯಾರೂ ಡಿಲೀಟ್ ಮಾಡಲಿಲ್ಲ, ಆದರೆ ಯಾರೂ ತೆರೆಯಲೂ ಇಲ್ಲ.

ಸಿನಿಮಾ ಮಾಡಿದವರು ಇದನ್ನು ಬೇಕೆಂದು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಎರಡೂವರೆ ತಾಸಿನ ಕಥೆಗೆ ಒಬ್ಬ ನಾಯಕ ಸಾಕು. 1960ರ 'ಭಕ್ತ ಕನಕದಾಸ'ದಲ್ಲೂ ಹೀಗೇ. ರಾಜ್‌ಕುಮಾರ್ ಮುಖ, ಪಿ.ಬಿ. ಶ್ರೀನಿವಾಸ್ ದನಿ, ಅದಾದ ಮೇಲೆ ಕನಕದಾಸರು ಅಂದರೆ ಕನ್ನಡಿಗರಿಗೆ ಆ ಮುಖ, ಆ ದನಿ. ಬಾಡದಲ್ಲಿ ಈಗ ಕನಕದಾಸರ ಹೆಸರಲ್ಲಿ ಅರಮನೆಯನ್ನೇ ಕಟ್ಟಿದ್ದಾರೆ, ಹೋಗಿ ನೋಡಿ. ನೋಡುವಾಗ ನಿಮ್ಮ ಮನಸ್ಸಿನಲ್ಲಿ ಓಡಾಡುವುದು ರಾಜ್‌ಕುಮಾರರೇ. ರಾಗಿಯನ್ನೂ ಭತ್ತವನ್ನೂ ಜಗಳಕ್ಕೆ ಹಚ್ಚಿ ಕಾವ್ಯ ಬರೆದ ತುಂಟ ಕನಕದಾಸರು ಅಷ್ಟು ಬೇಗ ಕಣ್ಮುಂದೆ ಬರೋದಿಲ್ಲ.

ಫೆಸ್ಟಿನಿಂದ ಬಂದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ. ರಜೆಗೆ ಊರಿಗೆ ಹೋದಾಗ ಫೋನು ಹಿಡಿದು ಅಜ್ಜನ ಮುಂದೆ ಕೂತೆ. ಇದೇ ನಿಜವಾದ ಧಾಟಿ, ಶರೀಫರ ಬಾಯಿಂದ ಬಂದದ್ದು ಅಂತ ಸಾಬೀತು ಮಾಡಿ, ಆ ತೀರ್ಪುಗಾರರಿಗೆ ಕಳಿಸಬೇಕು ಅನ್ನೋ ಹಟ ನನ್ನದು.

"ಅಜ್ಜಾ, ಈ ಧಾಟಿ ನಿನಗ ಯಾರು ಕಲಿಸಿದ್ರು?"

"ನಮ್ಮ ಮೇಳದ ಹಿರೇರು."

"ಅವ್ರಿಗೆ?"

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕ. ಹಲ್ಲಿಲ್ಲದ ನಗೆ. "ಅದು ಹಳೇ ಧಾಟಿ ಅಲ್ಲೋ ತಮ್ಮಾ. ನಾ ಸಣ್ಣವ ಇದ್ದಾಗ ನಮ್ಮೂರಿಗೆ ನಾಟಕ ಕಂಪನಿ ಬಂದಿತ್ತು. ಅದರಾಗಿಂದು ಒಂದು ಹಾಡು ನಮ್ಮ ಹಿರೇರಿಗೆ ಬಾಳ ಸೇರಿತ್ತು. ಈ ಪದಾನ ಆ ಮಟ್ಟಿಗೆ ಕೂಡಿಸಿಬಿಟ್ರು."

ನನ್ನ ಹಟ ಅಲ್ಲೇ ಠುಸ್ಸಾಯಿತು. ನೂರು ವರ್ಷದ ಧಾಟಿ ಅಂದುಕೊಂಡಿದ್ದು ನಾಟಕ ಕಂಪನಿಯ ಮಟ್ಟು! ಹಾಗಾದರೆ ನಾನು ಅಶ್ವಥರ ಮೇಲೆ ಹೊರಿಸಲು ಹೊರಟಿದ್ದನ್ನೇ ನಮ್ಮೂರ ಹಿರಿಯರೂ ಮಾಡಿದ್ದರು. ಹ್ಯಾಂಡಿಯೂ ಅದನ್ನೇ ಮಾಡಿದ್ದ. 'ಸೇಂಟ್ ಲೂಯಿಸ್ ಬ್ಲೂಸ್' ನಡುವೆ ಟ್ಯಾಂಗೋ ತಾಳ ಸೇರಿಸಿದವನು ಅವನು. ಕೇಳಿಸಿಕೊಂಡದ್ದಕ್ಕೆ ತನಗೆ ಸೇರಿದ್ದನ್ನು ಸೇರಿಸಿ ಮುಂದೆ ಕಳಿಸುವುದು ಹಾಡುವವರೆಲ್ಲ ಮಾಡುವ ಕೆಲಸ. ವ್ಯತ್ಯಾಸ ಇಷ್ಟೇ. ನಮ್ಮ ಮೇಳದ ಹಿರಿಯರು ನಾಟಕದ ಮಟ್ಟಿಗೆ ಕೂಡಿಸಿದಾಗ ಪಕ್ಕದ ಊರಿನವರು ತಮ್ಮ ಮಟ್ಟಿನಲ್ಲೇ ಹಾಡುತ್ತಿದ್ದರು, ಯಾರೂ ಯಾರಿಗೂ ತಪ್ಪು ಅನ್ನಲಿಲ್ಲ. ಸಿನಿಮಾ, ಆಮೇಲೆ ಕ್ಯಾಸೆಟ್ಟು, ಈಗ ಯೂಟ್ಯೂಬು ಬಂದ ಮೇಲೆ ಪಕ್ಕದ ಊರಿನವರಿಗೂ ನಮಗೂ ಒಂದೇ ಮಟ್ಟು. ಮೊನ್ನೆ ಶ್ರಾವಣದಲ್ಲಿ ನಮ್ಮ ಓಣಿಯ ಹೊಸ ಹುಡುಗರ ಮೇಳ ಫೋನಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡಿತು. ಚೆನ್ನಾಗಿಯೇ ಹಾಡಿದರು. ಅಜ್ಜ ಹಿಂದೆ ಕೂತು ತಾಳ ಹಾಕಿದ. ಟ್ರ್ಯಾಕು ನಿಲ್ಲುವಲ್ಲಿ ಇವನ ತಾಳ ನಿಲ್ಲಲಿಲ್ಲ, ಒಬ್ಬ ಹುಡುಗ ತಿರುಗಿ ನೋಡಿದ. ಆ ನೋಟ ನನಗೆ ಪರಿಚಯದ್ದು. ಏಳನೇ ಕ್ಲಾಸಿನಲ್ಲಿ ನಾನೂ ಹಾಗೇ ನೋಡಿದ್ದೆ.

ಆದ್ದರಿಂದ ಜಾನಪದ ಗಾಯನ ಸ್ಪರ್ಧೆ ನಡೆಸುವ ಎಲ್ಲ ಸಂಘಗಳಿಗೆ, ನಮ್ಮ ಸಂಘಕ್ಕೂ ಸೇರಿಸಿ, ನನ್ನದೊಂದು ಕೇಳಿಕೆ. ಶರೀಫರ ಪದಕ್ಕೆ, ದಾಸರ ಪದಕ್ಕೆ 'ಟ್ಯೂನ್ ತಪ್ಪು' ಅಂತ ಮಾರ್ಕು ಕಡಿಯಬೇಡಿ. ಶ್ರುತಿ ತಪ್ಪಿದರೆ ಕಡಿಯಿರಿ, ತಾಳ ತಪ್ಪಿದರೆ ಕಡಿಯಿರಿ, ನುಡಿ ಮರೆತರೆ ಧಾರಾಳವಾಗಿ ಕಡಿಯಿರಿ. ಹುಡುಗನೋ ಹುಡುಗಿಯೋ ಕೇಳರಿಯದ ಧಾಟಿಯಲ್ಲಿ ಹಾಡಿದರೆ, ಇಳಿದು ಬಂದ ಮೇಲೆ "ಇದು ಯಾರ ಹತ್ರ ಕಲಿತಿದ್ದು?" ಅಂತ ಒಂದು ಪ್ರಶ್ನೆ ಕೇಳಿ. ಉತ್ತರ ಬರೆದುಕೊಳ್ಳಿ. ನವೆಂಬರಿನ ಕಾರ್ಯಕ್ರಮದಲ್ಲಿ ಇದನ್ನು ನಿಯಮ ಮಾಡೋಣ ಅಂತ ಸಂಘದ ಮೀಟಿಂಗಿನಲ್ಲಿ ಹೇಳಿದ್ದೇನೆ. "ಆಮೇಲೆ ಯಾರು ಬೇಕಾದ್ರೂ ಬಾಯಿಗೆ ಬಂದಂಗೆ ಹಾಡಿ ನಮ್ಮಜ್ಜನ ಟ್ಯೂನ್ ಅಂತಾರೆ" ಅಂತ ಸೆಕ್ರೆಟರಿ ನಕ್ಕ. ಅಂದರೆ ಅನ್ನಲಿ, ಅದೇನು ದೊಡ್ಡ ನಷ್ಟ?

ನಿಮ್ಮ ಮನೆಯಲ್ಲೂ ಇಂಥವರು ಇರಬಹುದು. ಸಿನಿಮಾಕ್ಕೆ ಬೇಕಾದ ಘಟನೆ ಯಾವುದೂ ಇಲ್ಲದ, ಕಣ್ಣು ಹೋಗಿ ಬರದ, ದೇವರು ತಿರುಗಿ ನಿಲ್ಲದ, ಸುಮ್ಮನೆ ಐವತ್ತು ವರ್ಷ ಹಾಡಿದವರು. ನಿಮ್ಮ ಫೋನಿನಲ್ಲಿ ಜಾಗ ಇಲ್ಲದಿದ್ದರೆ ಹಳೆಯ ಲ್ಯಾಬ್ ರೆಕಾರ್ಡಿನ ಫೋಟೋಗಳನ್ನು ಅಳಿಸಿ ಜಾಗ ಮಾಡಿಕೊಳ್ಳಿ.

ಅಜ್ಜನ ರೆಕಾರ್ಡಿಂಗ್ ಹನ್ನೊಂದು ನಿಮಿಷ ಇದೆ. ತಂಬೂರಿ ಪದ ಎರಡು ಸಲ ಇದೆ. ಮೊದಲ ಸಲ ನಾಟಕದ ಮಟ್ಟು. ಎರಡನೇ ಸಲ ಬೇರೆಯೇ ಇದೆ. ಮೂರನೇ ನುಡಿಯ ತನಕ ನನಗೆ ಯಾವ ಧಾಟಿ ಅಂತ ಹತ್ತಲಿಲ್ಲ. ಆಮೇಲೆ ಗೊತ್ತಾಯಿತು. ಹತ್ತು ವರ್ಷದ ಹಿಂದೆ ಗುಡಿಯಿಂದ ಮನೆಗೆ ಬರುವ ದಾರಿಯಲ್ಲಿ ನಾನು ಕಲಿಸಿದ್ದು, ಸಿನಿಮಾದ್ದು. ಪೂರ್ತಿ ಬಂದಿಲ್ಲ; ಅರ್ಧಕ್ಕೆ ಅಜ್ಜನ ಕಡೆ ತಿರುಗಿ, ಮತ್ತೆ ಟೀವಿಯ ಕಡೆ ಬಂದು, ಎರಡೂ ಅಲ್ಲದ ಎಲ್ಲೋ ಒಂದು ಕಡೆ ನಿಂತಿದೆ. ಹಿಂದೆ ಬಸ್ಸಿನ ಹಾರ್ನ್ ಕೇಳುತ್ತದೆ, ಅದನ್ನು ತೆಗೆಯಲು ಹೋಗಿಲ್ಲ. ಫೈಲು ಸಂಘದ ಕಂಪ್ಯೂಟರಿನಲ್ಲಿದೆ. ಶುಕ್ರವಾರ ಸಂಜೆ ಮೀಟಿಂಗ್ ಮುಗಿದ ಮೇಲೆ ಹಾಕುತ್ತೇನೆ, ಬನ್ನಿ.